ದಿಂಬಿನ ಮೇಲಿನ ತೋಟ

ನಮ್ಮ ಮನೆಯ ದಿಂಬುಗಳ ಮೇಲೆ ಅರಳಿದ ಹೂಗಳಲ್ಲಿ ಒಂದೂ ನಮ್ಮ ಹಿತ್ತಲಿನದಲ್ಲ. ಹಿತ್ತಲಲ್ಲಿ ದಾಸವಾಳ, ನಂದಿಬಟ್ಟಲು, ಕನಕಾಂಬರ, ಬಾವಿಕಟ್ಟೆಯ ಪಕ್ಕಕ್ಕೊಂದು ಪಾರಿಜಾತ, ಕಾಂಪೌಂಡಿನ ಮೇಲೆ ಹಬ್ಬಿದ ಜಾಜಿ. ದಿಂಬಿನ ಮೇಲೆ ಪ್ಯಾನ್ಸಿ, ಡೇಜಿ, ಟ್ಯೂಲಿಪ್, ಜೊತೆಗೆ ಯಾವ ಗಿಡಕ್ಕೂ ಸೇರದ ಐದು ದಳದ ನೀಲಿ ಹೂವೊಂದು. ಅದರ ಕೆಳಗೆ ಓರೆಯಾಗಿ ‘ಗುಡ್ ನೈಟ್’. ಎಲ್ಲ ದೊಡ್ಡಮ್ಮ ಹಾಕಿದ್ದು. ದೊಡ್ಡಮ್ಮ ಜೀವಮಾನದಲ್ಲಿ ಪ್ಯಾನ್ಸಿಯನ್ನು ಕಣ್ಣಾರೆ ಕಂಡವರಲ್ಲ. ದಿನ ಬೆಳಗಾದರೆ ಕನಕಾಂಬರ ಕಟ್ಟಿ ಮುಡಿಯುತ್ತಿದ್ದ ಆ ಹೆಂಗಸು ಬಟ್ಟೆಯ ಮೇಲೆ ಒಂದೇ ಒಂದು ಕನಕಾಂಬರವನ್ನೂ ಹಾಕಲಿಲ್ಲ.

ಇದಕ್ಕೆ ದೊಡ್ಡಮ್ಮನನ್ನು ದೂರಿ ಪ್ರಯೋಜನವಿಲ್ಲ. ಎಸ್ಸೆಸ್ಸೆಲ್ಸಿಗೂ ಮದುವೆಗೂ ನಡುವೆ ಉಳಿಯುತ್ತಿದ್ದ ಖಾಲಿ ವರ್ಷಗಳನ್ನು ತುಂಬಲೆಂದೇ ಆಗ ಊರೂರಿನಲ್ಲಿ ಹೊಲಿಗೆ ಕ್ಲಾಸುಗಳಿದ್ದವು. ಅಲ್ಲಿ ದಪ್ಪ ರಟ್ಟಿನ ಒಂದು ಪುಸ್ತಕ ಮಾಡಿಸುತ್ತಿದ್ದರು. ಪುಟಕ್ಕೊಂದು ಬಿಳಿ ಪಾಪ್ಲಿನ್ ತುಂಡು, ಅದರ ಮೇಲೆ ಒಂದೊಂದು ಹೊಲಿಗೆ, ಕೆಳಗೆ ದುಂಡಗಿನ ಅಕ್ಷರದಲ್ಲಿ ಅದರ ಹೆಸರು: ಚೈನು, ಸ್ಟೆಮ್ಮು, ಹೆರಿಂಗ್‌ಬೋನು, ಲೇಜಿಡೇಜಿ, ಫ್ರೆಂಚ್‌ನಾಟು. ಇದಕ್ಕೂ ಹಿಂದೆ ಮಿಷನ್ ಶಾಲೆಗಳಲ್ಲಿ ಸೂಜಿ ಕೆಲಸವನ್ನು ಹುಡುಗಿಯರಿಗೆ ಪಾಠವಾಗಿಯೇ ಕಲಿಸುತ್ತಿದ್ದರು. ಆ ಹೊಲಿಗೆಗಳಲ್ಲಿ ಕೆಲವು ನಮ್ಮಲ್ಲಿ ಮೊದಲಿನಿಂದ ಇದ್ದಂಥವೇ. ಹೆಸರೂ ಹೂವೂ ಮಾತ್ರ ಹಡಗು ಹತ್ತಿ ಬಂದವು. ಆಮೇಲೆ ಬಂದದ್ದು ದಾರದ ಕಂಪನಿಗಳ ಮಾದರಿ ಪುಸ್ತಕ. ದಾರ ಖರ್ಚಾಗಬೇಕಾದರೆ ಹೂವಿನ ಆಸೆ ಹುಟ್ಟಿಸಬೇಕು ಅನ್ನುವುದು ಆ ಕಂಪನಿಗಳಿಗೆ ಬಹಳ ಹಿಂದೆಯೇ ಗೊತ್ತಿತ್ತು. ತೆರೇಸ್ ದ ದಿಲ್ಮಾಂಟ್ ಎಂಬಾಕೆ 1886ರಲ್ಲಿ ಸೂಜಿ ಕೆಲಸಕ್ಕೆಂದೇ ಒಂದು ವಿಶ್ವಕೋಶ ಬರೆದಳು. ಅದು ಹಲವು ಭಾಷೆಗಳಿಗೆ ಹೋಗಿ, ಈಗಲೂ ಅಚ್ಚಾಗುತ್ತಿದೆ. ಆಕೆಯ ಬೆನ್ನಿಗಿದ್ದದ್ದೂ ಒಂದು ದಾರದ ಕಂಪನಿಯೇ. ಹೀಗೆ ಅವರ ತೋಟ ನಮ್ಮ ದಿಂಬಿಗೆ ಬಂತು.

ಒಂದು ಟ್ರೇಸಿಂಗ್ ಪೇಪರ್ ಇಡೀ ಕೇರಿಯನ್ನು ಸುತ್ತುತ್ತಿತ್ತು. ಚಿತ್ರದ ಗೆರೆಯುದ್ದಕ್ಕೂ ಸೂಜಿಯಿಂದ ಒತ್ತೊತ್ತಾಗಿ ಚುಚ್ಚಿದ ಕಾಗದ ಅದು. ಅದನ್ನು ಬಟ್ಟೆಯ ಮೇಲೆ ಹಾಸಿ, ಸೀಮೆಎಣ್ಣೆಯಲ್ಲಿ ನೀಲಿಪುಡಿ ಕಲಸಿ, ಅರಳೆ ಉಂಡೆ ಅದ್ದಿ ಒರೆಸಿದರೆ ತೂತುಗಳ ಮೂಲಕ ಚುಕ್ಕಿ ಚುಕ್ಕಿಯಾಗಿ ಹೂವು ಇಳಿಯುತ್ತಿತ್ತು. ವಾಸನೆ ಹೋಗಲು ವಾರ ಬೇಕು. ಪ್ಯಾನ್ಸಿ ಹೂವಿಗೆ ಸೀಮೆಎಣ್ಣೆ ಪರಿಮಳ ಇರುತ್ತದೆಂದು ನಾನು ಬಹಳ ದಿನ ನಂಬಿದ್ದೆ. ಹೀಗೆ ಒಬ್ಬರಿಂದ ಒಬ್ಬರು ನಕಲು ತೆಗೆದು, ಆ ನಕಲಿಗೆ ಇನ್ನೊಂದು ನಕಲು ತೆಗೆದು, ಏಳೆಂಟು ಮನೆ ದಾಟುವಷ್ಟರಲ್ಲಿ ಪ್ಯಾನ್ಸಿ ಚಿಟ್ಟೆಯಾಗಿರುತ್ತಿತ್ತು. ಯಾರಿಗೂ ಬೇಸರವಿರಲಿಲ್ಲ. ಚಿಟ್ಟೆಯೂ ಚೆನ್ನಾಗಿಯೇ ಕಾಣುತ್ತಿತ್ತು. ಹಸಿರು ದಾರ ಮುಗಿದರೆ ಎಲೆಗಳು ನೀಲಿಯಾಗುತ್ತಿದ್ದವು, ಅದಕ್ಕೂ ಯಾರ ತಕರಾರೂ ಇಲ್ಲ.

ಹಿತ್ತಲಿನ ಹೂವು ಬಟ್ಟೆಗೆ ಬಾರದ್ದಕ್ಕೆ ನಕಲಿನ ಮೇಲೆ ಪೂರ್ತಿ ತಪ್ಪು ಹೊರಿಸುವುದೂ ನ್ಯಾಯವಲ್ಲ. ಸೂಜಿ ಹಿಡಿದು ಕೂತವರಿಗೆ ಗೊತ್ತಾಗುವ ಒಂದು ಸಂಗತಿಯಿದೆ: ಯಾವ ಹೂವು ಹಾಕಬೇಕೆಂದು ತೀರ್ಮಾನಿಸುವುದು ನಾವಲ್ಲ, ಹೊಲಿಗೆ. ಲೇಜಿಡೇಜಿ ಎಂದರೆ ಒಂದು ಕುಣಿಕೆ, ಕುಣಿಕೆಯ ತುದಿ ಜಾರದಂತೆ ಒಂದು ಪುಟ್ಟ ಕುಟ್ಟು. ದಳ ಮುಗಿಯಿತು. ಐದು ಕುಣಿಕೆ ಹಾಕಿ, ನಡುವೆ ಹಳದಿಯ ಎರಡು ಫ್ರೆಂಚ್‌ನಾಟು ಇಟ್ಟರೆ ಅನ್ನಕ್ಕಿಟ್ಟ ನೀರು ಕುದಿಯುವುದರೊಳಗೆ ಒಂದು ಹೂವು. ಇಷ್ಟು ಸಲೀಸಾಗಿ ಹೂವು ಸಿಗುವಾಗ ಒಂದು ಪಕ್ಕಕ್ಕೆ ವಾಲಿದ ಕನಕಾಂಬರದ ಹಿಂದೆ ಯಾರು ಬೀಳುತ್ತಾರೆ? ಲೇಜಿಡೇಜಿಗೆ ಒಗ್ಗುವ ನಮ್ಮ ಹೂವೆಂದರೆ ಸೇವಂತಿಗೆ. ಅದೂ ಡೇಜಿಯೂ ಒಂದೇ ಕುಟುಂಬದವು, ಆದ್ದರಿಂದ ಆಶ್ಚರ್ಯವೇನಿಲ್ಲ. ಸ್ಟೆಮ್ ಹೊಲಿಗೆ ಬಳುಕಲು ಚೆನ್ನ. ಅದಕ್ಕೇ ಕಸೂತಿಯ ಹೂಗಳೆಲ್ಲ ಎಡಕ್ಕೋ ಬಲಕ್ಕೋ ತೊನೆಯುತ್ತಲೇ ಇರುತ್ತವೆ, ನೆಟ್ಟಗೆ ನಿಂತದ್ದು ಅಪರೂಪ. ಫಿಶ್‌ಬೋನಿನಲ್ಲಿ ನಡುನರ ತಾನಾಗಿ ಮೂಡುವುದರಿಂದ ಎಲೆಗೆ ಅದೇ ಸರಿ.

ಗುಲಾಬಿಗೆ ಬುಲಿಯನ್. ಇದನ್ನು ಕಲಿಯುವಾಗ ಸೂಜಿಗೆ ಬೈಯದವರನ್ನು ನಾನು ಕಂಡಿಲ್ಲ. ದಾರ ಮೇಲೆ ಬಂದ ಜಾಗದಿಂದ ಕಾಲಿಂಚು ಆಚೆ ಸೂಜಿಯನ್ನು ಒಳಹಾಕಿ, ದಾರ ಬಂದ ಜಾಗದಲ್ಲೇ ಅದರ ಮೂತಿಯನ್ನು ಮೇಲೆತ್ತಬೇಕು, ಆದರೆ ಪೂರ್ತಿ ಎಳೆಯಬಾರದು. ಅರ್ಧ ಬಟ್ಟೆಯೊಳಗೆ ಅರ್ಧ ಗಾಳಿಯಲ್ಲಿ ನಿಂತ ಆ ಸೂಜಿಗೆ ದಾರವನ್ನು ಎಂಟೋ ಹತ್ತೋ ಸುತ್ತು ಸುತ್ತಬೇಕು. ಬಿಗಿಯಾದರೆ ಸೂಜಿಯ ಕಣ್ಣು ಸುತ್ತುಗಳೊಳಗೆ ಸಿಕ್ಕಿಬೀಳುತ್ತದೆ. ಸಡಿಲವಾದರೆ ಸುತ್ತುಗಳು ಒಂದರ ಮೇಲೊಂದು ಹತ್ತುತ್ತವೆ. ಎಡಗೈ ಹೆಬ್ಬೆರಳಿನಲ್ಲಿ ಅವನ್ನು ಮೆಲ್ಲಗೆ ಅದುಮಿ ಹಿಡಿದು, ಬಲಗೈಯಲ್ಲಿ ಸೂಜಿ ಹೊರಕ್ಕೆಳೆದು, ದಾರವನ್ನು ಹಿಂದಕ್ಕೆ ಮಡಚಿ, ಮೊದಲು ಸೂಜಿ ಹೊಕ್ಕಿದ್ದ ತೂತಿಗೇ ಮತ್ತೆ ಇಳಿಸಿದರೆ ಬಟ್ಟೆಯ ಮೇಲೆ ರೇಷ್ಮೆಹುಳುವೊಂದು ಮೈಚಾಚಿ ಮಲಗಿದ ಹಾಗಿರುತ್ತದೆ. ನಡುವೆ ಕಡುಗೆಂಪಿನ ಮೂರು, ಸುತ್ತ ತಿಳಿಗೆಂಪಿನವು, ಒಂದರ ಬಾಲ ಇನ್ನೊಂದರ ಬೆನ್ನು ತಬ್ಬುವಂತೆ ಬಾಗಿಸಿ ಕೂರಿಸಿದರೆ ಗುಲಾಬಿ. ಬಾಗಬೇಕಾದ್ದಕ್ಕೆ ಎರಡು ಮೂರು ಸುತ್ತು ಜಾಸ್ತಿ ಹಾಕಬೇಕು. ಮಾಮೂಲಿ ಕಸೂತಿ ಸೂಜಿ ಕಣ್ಣಿನ ಹತ್ತಿರ ಉಬ್ಬಿರುತ್ತದೆ, ಅದು ಈ ಕೆಲಸಕ್ಕೆ ಆಗದು; ಮೂತಿಯಿಂದ ಕಣ್ಣಿನವರೆಗೆ ಒಂದೇ ದಪ್ಪದ ಮಿಲಿನರ್ ಸೂಜಿ ಬೇಕು. ಇದನ್ನು ಯಾವ ಕ್ಲಾಸಿನಲ್ಲೂ ಮೊದಲ ದಿನ ಹೇಳಿಕೊಡುವುದಿಲ್ಲ. ಒಂದಷ್ಟು ಅತ್ತಮೇಲೆ ಹೇಳುತ್ತಾರೆ.

ದಾರದ ಉದ್ದಕ್ಕೂ ಒಂದು ಲೆಕ್ಕವಿದೆ. ಎಂಟು ಮೀಟರಿನ ಲಡಿ, ಅದರಲ್ಲಿ ಆರೆಳೆ. ಬೇಕಾದಷ್ಟು ಕತ್ತರಿಸಿಕೊಂಡು, ಎಳೆಗಳನ್ನು ಒಂದೊಂದಾಗಿ ಬಿಡಿಸಿ, ಆಮೇಲೆ ಎರಡೋ ಮೂರೋ ಕೂಡಿಸಿಕೊಂಡರೆ ಗಂಟು ಬೀಳುವುದಿಲ್ಲ. ಉದ್ದ ಒಂದು ಮೊಳ, ಅಷ್ಟೆ. ಮೈಸೂರಿನ ದೇವರಾಜ ಮಾರುಕಟ್ಟೆಯ ಹೂವಿನವಳು ಮಲ್ಲಿಗೆ ಅಳೆಯುವ ಅದೇ ಮೊಳ, ಮೊಣಕೈಯಿಂದ ನಡುಬೆರಳ ತುದಿಗೆ. “ಉದ್ದ ದಾರ ಸೋಮಾರಿಗೆ” ಎಂದು ದೊಡ್ಡಮ್ಮ ಗದರುತ್ತಿದ್ದರು. ಮತ್ತೆ ಮತ್ತೆ ಸೂಜಿ ಪೋಣಿಸುವ ಬೇಜಾರಿಗೆ ಉದ್ದ ದಾರ ತೆಗೆದುಕೊಂಡರೆ ಅದು ಬಟ್ಟೆಯಲ್ಲಿ ಹೋಗಿ ಬಂದು ಸವೆದು, ಹೂವು ಮುಗಿಯುವ ಮೊದಲೇ ಜುಂಗು ಜುಂಗಾಗುತ್ತದೆ.

ನಾನು ಹಿತ್ತಲಿನ ಹೂಗಳಿಗೆ ಕೈಹಾಕಿದ್ದು ನಿವೃತ್ತಿಯಾದ ಮೇಲೆ. ಮೊದಲು ದಾಸವಾಳ. ಪೂಜೆಗೆಂದು ದಿನವೂ ಬುಟ್ಟಿ ತುಂಬ ದಾಸವಾಳ ಕಿತ್ತ ಮನೆ ನಮ್ಮದು. ಅದರ ದಳಗಳು ಹೇಗೆ ಕೂತಿರುತ್ತವೆ ಎಂದು ಕೇಳಿದ್ದರೆ ಒಬ್ಬರಿಗೂ ಹೇಳಲು ಬರುತ್ತಿರಲಿಲ್ಲ. ಬೆಳಿಗ್ಗೆ ಒಂದನ್ನು ಲೋಟದಲ್ಲಿಟ್ಟುಕೊಂಡು ಪೆನ್ಸಿಲ್ ಹಿಡಿದೆ. ಐದು ದಳ, ಸರಿ. ಪ್ರತಿ ದಳದ ಒಂದು ಅಂಚು ಪಕ್ಕದ ದಳದ ಮೇಲೆ, ಇನ್ನೊಂದು ಅಂಚು ಈಚೆಯ ದಳದ ಕೆಳಗೆ. ಸುತ್ತಲೂ ಹೀಗೇ. ಕಸೂತಿಯಲ್ಲಿ ಕೆಳಗಿರುವುದನ್ನು ಮೊದಲು ತುಂಬಬೇಕು, ಮೇಲಿರುವುದನ್ನು ಆಮೇಲೆ. ಇಲ್ಲಿ ಎಲ್ಲರಿಗಿಂತ ಕೆಳಗಿನವರು ಯಾರೂ ಇಲ್ಲ, ಮೇಲಿನವರೂ ಇಲ್ಲ! ಐದೂ ಜನ ಒಬ್ಬರ ಹೆಗಲ ಮೇಲೊಬ್ಬರು ಕೈಹಾಕಿಕೊಂಡು ಕೂತಿದ್ದಾರೆ. ಯಾವ ದಳದಿಂದ ಶುರು ಮಾಡುವುದು ಎಂದು ರಿಂಗು ಹಿಡಿದು ಬಹಳ ಹೊತ್ತು ಕೂತಿದ್ದೆ. ಕೊನೆಗೆ ಹೊಳೆದ ಉಪಾಯವೆಂದರೆ, ಮೊದಲ ದಳವನ್ನು ಅರ್ಧ ಮಾತ್ರ ತುಂಬಿ ಸೂಜಿ ಪಕ್ಕಕ್ಕಿಡುವುದು. ಉಳಿದ ನಾಲ್ಕನ್ನು ವರಸೆಯಾಗಿ ಮುಗಿಸಿ, ಐದನೆಯದರ ಅಂಚನ್ನು ಮುಚ್ಚುತ್ತ ಮೊದಲನೆಯದರ ಬಾಕಿ ಅರ್ಧವನ್ನು ಪೂರೈಸುವುದು. ಅಷ್ಟರಲ್ಲಿ ಲೋಟದ ದಾಸವಾಳ ಮುದುಡಿಯಾಗಿತ್ತು. ಒಂದೇ ದಿನದ ಹೂವು ಅದು. ಮಾರನೆಯ ದಿನದ ಹೂವು ಅದೇ ಗಿಡದ್ದಾದರೂ ಮುಖ ಬೇರೆ ಕಡೆಗೆ.

ದಾಸವಾಳಕ್ಕೆ ನಾಲ್ಕಾರು ಕೆಂಪು ಬೇಕಾಗುತ್ತದೆ ಎಂದು ಅಂಗಡಿಯವರು ಹೇಳುತ್ತಾರೆ. ಬೇಕಾಗಿಲ್ಲ. ದಳದ ನರ ಹೋದ ದಿಕ್ಕಿಗೇ, ಅಂದರೆ ಅಂಚಿನಿಂದ ಬುಡಕ್ಕೆ, ಉದ್ದ ಒಂದು ಗಿಡ್ಡ ಒಂದು ಎಂಬ ಹಾಗೆ ಹೊಲಿಗೆ ಹಾಕುತ್ತ ಬಂದರೆ ಒಂದೇ ದಾರ ಒಂದು ದಳದಲ್ಲಿ ಕಡುಗೆಂಪಾಗಿಯೂ ಪಕ್ಕದ ದಳದಲ್ಲಿ ತಿಳಿಯಾಗಿಯೂ ಕಾಣುತ್ತದೆ. ಎಳೆಗಳ ದಿಕ್ಕು ಬದಲಾದರೆ ಬೆಳಕು ಬೀಳುವ ರೀತಿ ಬದಲಾಗುತ್ತದೆ, ಅಷ್ಟೇ ವಿಷಯ. ಹತ್ತಿ ದಾರಕ್ಕೆ ಈ ಹೊಳಪು ಹುಟ್ಟಿನಿಂದ ಬಂದದ್ದಲ್ಲ. 1844ರಲ್ಲಿ ಇಂಗ್ಲೆಂಡಿನ ಜಾನ್ ಮರ್ಸರ್ ಹತ್ತಿಯನ್ನು ಕಾಸ್ಟಿಕ್ ಸೋಡಾದಲ್ಲಿ ಅದ್ದಿ ನೋಡಿದ. ದಾರ ಗಟ್ಟಿಯಾಯಿತು, ಬಣ್ಣ ಚೆನ್ನಾಗಿ ಹಿಡಿಯಿತು, ಆದರೆ ಕುಗ್ಗಿತು. 1890ರ ಹೊತ್ತಿಗೆ ಹೊರೇಸ್ ಲೋ ಎಂಬವನು ಅದನ್ನು ಬಿಗಿಯಾಗಿ ಎಳೆದು ಹಿಡಿದು ಅದ್ದಿದ, ಆಗ ಬಂತು ಹೊಳಪು. ದಿಂಬಿನ ಹೂಗಳೆಲ್ಲ ಮಿನುಗಿದ್ದು ಈ ಇಬ್ಬರಿಂದ. ದಾಸವಾಳದ ನಡುವಿನಿಂದ ಹೊರಚಾಚಿದ ದಂಡಿಗೆ ಸ್ಟೆಮ್ಮು, ಅದರ ಸುತ್ತ ಉದ್ದ ಕಾಲಿನ ಫ್ರೆಂಚ್‌ನಾಟು ಹಳದಿಯಲ್ಲಿ, ತೀರಾ ತುದಿಗೆ ಐದು ಕೆಂಪು ಚುಕ್ಕಿ. ಆ ಐದು ಕೆಂಪು ಚುಕ್ಕಿ ಇರುವುದನ್ನು ನಾನು ನೋಡಿದ್ದು ಸೂಜಿ ಹಿಡಿದ ಮೇಲೆಯೇ. ನಂಬದವರು ನಾಳೆ ಬೆಳಿಗ್ಗೆ ನೋಡಿಕೊಳ್ಳಬಹುದು.

ನಂದಿಬಟ್ಟಲು ಸುಲಭವೆಂದುಕೊಂಡರೆ ಅದರ ಐದೂ ದಳ ಒಂದೇ ಕಡೆಗೆ ತಿರುಚಿಕೊಂಡಿರುತ್ತವೆ. ಒಂದು ಅಂಚು ಉಬ್ಬು, ಒಂದು ಅಂಚು ತಗ್ಗು. ಒಂದು ದಳವನ್ನು ಎದುರು ದಿಕ್ಕಿಗೆ ತಿರುಗಿಸಿಬಿಟ್ಟರೆ ಹೂವು ಜಗಳಕ್ಕೆ ನಿಂತ ಮುಖ ಮಾಡುತ್ತದೆ. ಪಾರಿಜಾತಕ್ಕೆ ಕೇಸರಿ ತೊಟ್ಟು ಇಟ್ಟುಬಿಟ್ಟರೆ ಉಳಿದದ್ದನ್ನು ನೋಡುವವರೇ ತುಂಬಿಕೊಳ್ಳುತ್ತಾರೆ, ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ.

ಕನಕಾಂಬರದ್ದು ಬೇರೆಯದೇ ಕಷ್ಟ. ಸೀರೆ ಅಂಗಡಿಗೆ ಹೋಗಿ ‘ಕನಕಾಂಬರ ಬಣ್ಣ’ ಎಂದರೆ ಹುಡುಗ ಕಣ್ಣು ಮುಚ್ಚಿ ತೆಗೆದು ಹರಡುತ್ತಾನೆ. ದಾರದ ಅಂಗಡಿಯಲ್ಲಿ ಬಣ್ಣಗಳಿಗೆ ನಂಬರು ಮಾತ್ರ. ಹೂವನ್ನೇ ಕರವಸ್ತ್ರದಲ್ಲಿ ಸುತ್ತಿಕೊಂಡು ಹೋಗಿ ಗಾಜಿನ ಮೇಜಿನ ಮೇಲಿಟ್ಟೆ. ಅಂಗಡಿಯವರು ಒಂದೊಂದೇ ಲಡಿ ಪಕ್ಕಕ್ಕಿಡುತ್ತ ಹೋದರು. ಇದು ಕಿತ್ತಳೆ ಜಾಸ್ತಿ, ಇದು ಗುಲಾಬಿ ಜಾಸ್ತಿ, ಇದು ಇಟ್ಟಿಗೆ. ಟ್ಯೂಬ್‌ಲೈಟಿನಲ್ಲಿ ಗೊತ್ತಾಗುವುದಿಲ್ಲವೆಂದು ಇಬ್ಬರೂ ಬೀದಿಗೆ ಬಂದು ಬಿಸಿಲಲ್ಲಿ ಹಿಡಿದು ನೋಡಿದೆವು. “ಮೇಡಂ, ಎರಡು ತಗೊಳಿ. ಇದ್ರಲ್ಲಿ ಒಂದೆಳೆ, ಇದ್ರಲ್ಲಿ ಒಂದೆಳೆ, ಒಟ್ಟಿಗೆ ಪೋಣಿಸಿ” ಎಂದರು. ವ್ಯಾಪಾರದ ಮಾತಾದರೂ ಸತ್ಯವಾದ ಮಾತು. ಕಿತ್ತಳೆಯ ಒಂದೆಳೆ, ಗುಲಾಬಿಯ ಒಂದೆಳೆ ಒಂದೇ ಸೂಜಿಯಲ್ಲಿ ಹೋದಾಗ ಹತ್ತಿರದಿಂದ ಎರಡಾಗಿಯೂ ಮಾರು ದೂರದಿಂದ ಕನಕಾಂಬರವಾಗಿಯೂ ಕಂಡಿತು. ಆಕಾರವನ್ನು ಮಾತ್ರ ಯಾವ ಸಿದ್ಧ ಹೊಲಿಗೆಯೂ ಕೊಡುವುದಿಲ್ಲ. ತೆಳು ಕೊಳವೆಯೊಂದು ಮೇಲೆ ಬಂದು, ದಳವೆಲ್ಲ ಒಂದೇ ಪಕ್ಕಕ್ಕೆ ಹರಡಿ, ಎದುರು ಪಕ್ಕ ಖಾಲಿ. ಬಿಡಿಯಾಗಿ ಹಾಕಿದರೆ ಹರಿದ ಹೂವು ಎನ್ನುತ್ತಾರೆ. ದಂಡೆ ಕಟ್ಟಿದ ಹಾಗೆ ಒತ್ತಾಗಿ ಹಾಕಿದರೆ ಮಾತ್ರ ಎಲ್ಲರಿಗೂ ಗುರುತು ಸಿಗುತ್ತದೆ. ಕನಕಾಂಬರವನ್ನು ನಾವು ಒಂಟಿಯಾಗಿ ಎಂದಾದರೂ ನೋಡಿದ್ದೇವೆಯೇ?

ಮಲ್ಲಿಗೆಯನ್ನಂತೂ ನಾವು ಯಾರೂ ಸರಿಯಾಗಿ ನೋಡಿಲ್ಲ, ಮೂಗಿನಿಂದಲೇ ಗುರುತಿಸುತ್ತೇವೆ. ಅದನ್ನು ಬಟ್ಟೆಗೆ ತರುವ ಕಲೆಯನ್ನು ಲಖನೌದವರಿಂದ ಕಲಿಯಬೇಕು. ಚಿಕನ್‌ಕಾರಿಯಲ್ಲಿ ಬಿಳಿ ಮಸ್ಲಿನ್ ಮೇಲೆ ಬಿಳಿ ದಾರ. ಅಲ್ಲಿನ ‘ಮುರ್ರಿ’ ಅಕ್ಕಿಕಾಳಿನ ಆಕಾರದ ಗಂಟು, ‘ಫಂದಾ’ ನವಣೆಯಷ್ಟು ಚಿಕ್ಕದು. ಬಟ್ಟೆಯ ಹಿಂದುಗಡೆಯಿಂದ ಹೆರಿಂಗ್‌ಬೋನ್ ಹಾಕಿ ಮುಂದುಗಡೆ ನೆರಳು ಮಾತ್ರ ಕಾಣಿಸುವ ‘ಬಖಿಯಾ’ವೂ ಇದೆ. ಮುರ್ರಿಯೊಂದನ್ನು ಕೂರಿಸಿದರೆ ಮಲ್ಲಿಗೆ ಮೊಗ್ಗು ಸಿದ್ಧ. ಜಾಜಿಗಾದರೆ ಇನ್ನೂ ಒಂದು ಹಿಡಿಕೆ ಸಿಗುತ್ತದೆ: ಅದರ ಮೊಗ್ಗಿನ ಹೊರಮೈಯಲ್ಲಿ ನಸುಗೆಂಪು ಇರುತ್ತದೆ, ತಿಳಿಗುಲಾಬಿಯ ಒಂದೆಳೆ ಅಲ್ಲಿ ಹಾಯಿಸಿದರೆ ಸಾಕು.

ನಾನು ಹೀಗೆ ಲೋಟದಲ್ಲಿ ಹೂವಿಟ್ಟುಕೊಂಡು ಒದ್ದಾಡುವುದನ್ನು ನೋಡಿ ನಗುತ್ತಿದ್ದವರು ಪಕ್ಕದ ಮನೆಯ ವೈನಿ. ಧಾರವಾಡದ ಕಡೆಯವರು. ಅವರ ಹತ್ತಿರ ಅವರ ಅಜ್ಜಿಯ ಕಾಲದ ಒಂದು ಕಪ್ಪು ಚಂದ್ರಕಾಳಿ ಸೀರೆಯಿದೆ, ಮೈತುಂಬ ಕಸೂತಿ, ಸೆರಗಿನಲ್ಲಿ ಗೋಪುರ, ತೇರು, ಅಂಬಾರಿ ಆನೆ, ತುಳಸಿ ಕಟ್ಟೆ, ತಾವರೆ. ಅದರಲ್ಲಿ ಪೆನ್ಸಿಲ್ಲಿನ ಗುರುತಿಲ್ಲ, ಗಂಟಿಲ್ಲ, ಮುಂದು ಯಾವುದು ಹಿಂದು ಯಾವುದು ಹೇಳಲಿಕ್ಕಾಗದು. ಗಾವಂತಿ ಹೊಲಿಗೆಯ ಗುಟ್ಟು ಅದು. ಹೋಗುವಾಗ ಒಂದು ಬಿಟ್ಟು ಒಂದು ಹಾಕಿಕೊಂಡು ಹೋಗಬೇಕು, ಬಿಟ್ಟ ಜಾಗಗಳನ್ನು ಬರುವಾಗ ತುಂಬಿಕೊಂಡು ಬರಬೇಕು. ಆದ್ದರಿಂದ ಸೂಜಿ ಹೊರಡುವ ಮುಂಚೆಯೇ ವಾಪಸು ಬರುವ ದಾರಿ ತಲೆಯಲ್ಲಿ ಇರಬೇಕು. ಅದೇ ಮೆಟ್ಟಿಲುಮೆಟ್ಟಿಲಾಗಿ ಹತ್ತಿದರೆ ಮುರಗಿ, ನೇಯ್ದಂತೆ ಉದ್ದಕ್ಕೆ ಹಾಯಿಸಿದರೆ ನೇಗಿ, ಅಡ್ಡಗೀಟಾದರೆ ಮೆಂತಿ.

“ಬರದ ಹೂವು ಒಗದ್ರ ಹೋಗತೈತ್ರಿ ಅಕ್ಕಾರ” ಎಂದು ಅವರ ಮಾತು. “ಎಳಿ ಎಣಿಸಿ ಹಾಕಿದ್ದು ಬಟ್ಟಿ ಇರೂತನಕಾ ಇರತೈತಿ.”

“ಎಣಿಕೆ ತಪ್ಪಿದ್ರೆ?”

“ಬಿಚ್ಚೂದು.”

ವೈನಿಯ ತಾವರೆಗೆ ಒಂದೂ ಬಾಗು ಇಲ್ಲ. ಹಾಸು ಹೊಕ್ಕಿನ ಎಳೆ ಎಣಿಸಿ ಹಾಕುವ ಹೊಲಿಗೆ ನೆಟ್ಟಗೆ ಹೋದೀತು, ಅಡ್ಡ ಹೋದೀತು, ಓರೆ ಹೋದೀತು, ಬಳುಕಲಾರದು. ದಳಗಳು ಮೂಲೆಮೂಲೆಯಾಗಿ ಏಳುತ್ತವೆ. ಆದರೂ ಅದನ್ನು ತಾವರೆಯಲ್ಲವೆಂದು ಮೂರು ವರ್ಷದ ಮಗುವೂ ಹೇಳುವುದಿಲ್ಲ. ಪಂಜಾಬಿನ ಫುಲ್ಕಾರಿಯೂ ಹೀಗೇ: ಖಾದಿಯ ಹಿಂಬದಿಯಿಂದ ಎಳೆ ಎಣಿಸಿ ರೇಷ್ಮೆ ಹಾಕುತ್ತಾರೆ, ಹೂಗಳು ಹೆಚ್ಚಾಗಿ ಚೌಕ, ವಜ್ರಾಕೃತಿ. ದಾಸವಾಳದ ದಳಕ್ಕೆ ಮುಖವಿಟ್ಟು ಕೂತ ನನಗೆ ವೈನಿಯ ತಾವರೆಯ ಮುಂದೆ ಸ್ವಲ್ಪ ಹೊಟ್ಟೆಕಿಚ್ಚಾಗುತ್ತದೆ, ಸುಳ್ಳೇಕೆ. ಅದು ಕೆರೆಯ ತಾವರೆಗೆ ಋಣಿಯಲ್ಲ, ನೇಯ್ಗೆಯೊಳಗಿಂದಲೇ ಎದ್ದದ್ದು. ಎಳೆ ಎಣಿಸುವ ಈ ಕಸೂತಿಗೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ, ಮೈಸೂರು ಮಲ್ಲಿಗೆಗೂ ಹಡಗಲಿ ಮಲ್ಲಿಗೆಗೂ ಉಡುಪಿ ಮಲ್ಲಿಗೆಗೂ ಇದೆ. ಕಸೂತಿಯೂ ಮಲ್ಲಿಗೆಯೂ ಒಂದೇ ಸೆರಗಿನಲ್ಲಿ ಭೇಟಿಯಾದದ್ದನ್ನು ಮಾತ್ರ ನಾನು ಕಂಡಿಲ್ಲ. ಗಾವಂತಿಯಲ್ಲಿ ಮಲ್ಲಿಗೆ ಮೊಗ್ಗು ಬರುತ್ತದೆಯೇ ಎಂದು ವೈನಿಯನ್ನು ಕೇಳಿದ್ದೇನೆ. ಮ್ಯಾಟಿ ಬಟ್ಟೆಯ ಚೂರೊಂದರಲ್ಲಿ ಎಣಿಸುತ್ತಿದ್ದಾರೆ.

ಈಗ ಹೂವೆಲ್ಲ ರವಿಕೆಯ ಬೆನ್ನಿಗೆ ಹೋಗಿದೆ. ಮಗ್ಗಂ ವರ್ಕು, ಆರಿ ವರ್ಕು. ಮರದ ಚೌಕಟ್ಟಿಗೆ ಬಟ್ಟೆ ಬಿಗಿದು, ಕೊಕ್ಕೆ ಸೂಜಿಯಲ್ಲಿ ಕೆಳಗಿನಿಂದ ದಾರ ಸೆಳೆಯುತ್ತ ಆ ಹುಡುಗರು ಚೈನು ಓಡಿಸುವ ವೇಗ ನೋಡಿದರೆ ನನ್ನ ಒಂದು ಸಂಜೆ ಅವರಿಗೆ ಒಂದು ಗಳಿಗೆ. ಮದುವೆ ರವಿಕೆಯ ಹೂವು ಹೂವಾಗಿರುವುದಕ್ಕಿಂತ ಒಡವೆಯಾಗಿರಬೇಕು, ಆ ಕೆಲಸವನ್ನು ಅದು ಚೆನ್ನಾಗಿಯೇ ಮಾಡುತ್ತದೆ. ಕಂಪ್ಯೂಟರ್ ಮಿಷನ್ನಿನ ಹೂಗಳ ಮೇಲೂ ನನಗೆ ಸಿಟ್ಟಿಲ್ಲ, ಬೇಸರವಿದೆ. ಸಾಲಿನಲ್ಲಿ ಹತ್ತು ಹೂವಿದ್ದರೆ ಹತ್ತೂ ಒಂದೇ; ಹತ್ತನೆಯದಕ್ಕೆ ಸುಸ್ತಾದದ್ದು ಗೊತ್ತೇ ಆಗುವುದಿಲ್ಲ.

ಕೈಯ ಹೂವಿಗೆ ದೊಡ್ಡ ಶತ್ರು ಒಗೆಯುವ ಕಲ್ಲಲ್ಲ, ಇಸ್ತ್ರಿ ಪೆಟ್ಟಿಗೆ. ಕೆಂಪು ದಾರ ಬಣ್ಣ ಬಿಡುತ್ತದೆಯೋ ಎಂದು ಮೊದಲೇ ಒದ್ದೆ ಬಿಳಿ ಚಿಂದಿಯಲ್ಲಿ ಒತ್ತಿ ನೋಡಿಕೊಳ್ಳಬಹುದು. ಇಸ್ತ್ರಿಗೆ ಅಂಥ ಪರೀಕ್ಷೆ ಇಲ್ಲ. ನಮ್ಮ ಬೀದಿಯ ಕೊನೆಯಲ್ಲಿ ತಳ್ಳುಗಾಡಿಯ ಇಸ್ತ್ರಿಯವನು ನನ್ನ ದಾಸವಾಳದ ಕುರ್ತಾವನ್ನು ಮೊದಲ ಸಲ ಮುಖದ ಮೇಲೇ ಒತ್ತಿ ಕೊಟ್ಟ. ಹಳದಿ ನಾಟುಗಳೆಲ್ಲ ನೆಲಸಮ. ಆಮೇಲೆ ಒಂದು ದಪ್ಪ ಟವೆಲ್ ತೆಗೆದುಕೊಂಡು ಹೋಗಿ, ಅದರ ಮೇಲೆ ಹೂವನ್ನು ಬೋರಲು ಮಲಗಿಸಿ, ನೀರು ಚಿಮುಕಿಸಿ, ಹಿಂದಿನಿಂದ ಒತ್ತಿ ತೋರಿಸಿಕೊಟ್ಟೆ. ತಿರುಗಿಸಿದಾಗ ನಾಟುಗಳು ಎದ್ದು ಕೂತಿದ್ದವು. ಅವನು ಬೆರಳಿನಿಂದ ಮುಟ್ಟಿ ನೋಡಿ, “ಅಮ್ಮಾ, ಇದು ಉಬ್ಬಿರೋದಾ! ನಾನು ಸುಕ್ಕು ಅಂದ್ಕೊಂಡಿದ್ದೆ” ಎಂದ. ಈಗ ಟವೆಲನ್ನು ಅವನೇ ಇಟ್ಟುಕೊಂಡಿದ್ದಾನೆ. ಹೂವಿನ ಬಟ್ಟೆಗೆ ಎರಡು ರೂಪಾಯಿ ಹೆಚ್ಚು.